ಮಗನಿಗೆ 18 ತುಂಬಿದ ಮೇಲೆ ಸಹಿ ಯಾರದ್ದು?

ಅಂಗವೈಕಲ್ಯ ಇರುವ ಮಗನಿಗೆ 18 ತುಂಬಿದರೆ ವೀಸಾ ಏನಾಗುತ್ತದೆ, ಅವನ ಪರವಾಗಿ ಸಹಿ ಯಾರು ಹಾಕಬೇಕು ಎಂದು ಶಾರ್ಜಾದಿಂದ ಕೇಳಿದ ಅಕ್ಕನಿಗೆ:

ಅಕ್ಕಾ, ವೀಸಾದ ಬಗ್ಗೆ ಹೆದರಬೇಡಿ. ಅಂಗವೈಕಲ್ಯ ಇರುವ ಮಕ್ಕಳನ್ನು ಯುಎಇಯಲ್ಲಿ ವಯಸ್ಸಿನ ಮಿತಿ ಇಲ್ಲದೆ ಅಪ್ಪ ಅಮ್ಮನೇ ಸ್ಪಾನ್ಸರ್ ಮಾಡಬಹುದು. ತಡ ಮಾಡಬಾರದ್ದು ಊರಿನ ಕಾಗದಪತ್ರ. 18 ತುಂಬಿದ ದಿನದಿಂದ ನಮ್ಮ ದೇಶದ ಕಾನೂನಿಗೆ ಅವನು ವಯಸ್ಕ. ಹೆತ್ತವರು ಎಂಬ ಒಂದೇ ಕಾರಣಕ್ಕೆ ಅವನ ಖಾತೆಯಲ್ಲಾಗಲಿ, ಪಾಲಿಗೆ ಬಂದ ತೋಟದ ಮೇಲಾಗಲಿ ನಿಮ್ಮ ಸಹಿ ನಡೆಯುವುದಿಲ್ಲ.

ಇಲ್ಲಿ ಹಲವರು ಮಗನ ಹೆಬ್ಬೆಟ್ಟು ಒತ್ತಿಸಿ ಪವರ್ ಆಫ್ ಅಟಾರ್ನಿ ಮಾಡಿಸಿಕೊಳ್ಳುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಕೊಡುವವನಿಗೆ ಆ ಕಾಗದದ ಅರ್ಥ ಗೊತ್ತಿದ್ದರೆ ಮಾತ್ರ ಅದಕ್ಕೆ ಬೆಲೆ. ನಾಳೆ ದಾಯಾದಿಗಳಲ್ಲಿ ಒಬ್ಬರು ತಕರಾರು ತೆಗೆದರೂ ಅದು ಬಿದ್ದುಹೋಗುತ್ತದೆ, ಅದರ ಬಲದಲ್ಲಿ ಮಾಡಿದ ವ್ಯವಹಾರವೂ ಬೀಳುತ್ತದೆ.

ಸರಿಯಾದ ದಾರಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹು ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ ಇದು ಅನ್ವಯ. ಕಾನೂನಾತ್ಮಕ ಪೋಷಕರನ್ನು, ಅಂದರೆ ಅವನ ಪರವಾಗಿ ಸಹಿ ಹಾಕುವ ಅಧಿಕಾರ ಇರುವ ಗಾರ್ಡಿಯನ್‌ರನ್ನು, ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬರು ಅದರಲ್ಲಿರುತ್ತಾರೆ. ಕಾಸರಗೋಡಿನವರಾದ ನಮಗಾದರೆ ವಿದ್ಯಾನಗರದ ಕಲೆಕ್ಟರೇಟ್. ಕೋರ್ಟು ಅಲೆದಾಟ ಬೇಡ.

ಅರ್ಜಿಯ ನಮೂನೆ 'ಎ'. ಜೊತೆಗೆ ಅಂಗವೈಕಲ್ಯ ಪ್ರಮಾಣಪತ್ರ, ವಯಸ್ಸಿನ ಮತ್ತು ವಿಳಾಸದ ದಾಖಲೆ, ಮಗನ ಹಾಗೂ ಪೋಷಕರಾಗುವವರ ಫೋಟೋ, ಅವರ ಒಪ್ಪಿಗೆ. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯ್ದೆಯಲ್ಲಿದೆ. ಆದ್ದರಿಂದ ರಜೆಯಲ್ಲಿ ಊರಿಗೆ ಹೋಗಿ ಅರ್ಜಿ ಹಾಕಿದರೆ ಸಭೆಯ ಹೊತ್ತಿಗೆ ನೀವು ವಾಪಸು ವಿಮಾನದಲ್ಲಿರುತ್ತೀರಿ. ಅರ್ಜಿ ಮೊದಲೇ ಸಲ್ಲಿಸಿ, ಸಭೆಯ ದಿನ ಕೇಳಿಕೊಂಡು ಆಮೇಲೆ ಟಿಕೆಟ್ ಮಾಡಿ. ಸಮಿತಿಯವರು ಮಗನನ್ನು ಕಣ್ಣಾರೆ ನೋಡಿ ಮಾತನಾಡಿಸಲು ಬಯಸುತ್ತಾರೆ, ಅವನೂ ಜೊತೆಗಿರಲಿ.

ಹೆಚ್ಚಿನ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಮಲಯಾಳಂನಿಂದ ಇಳಿಸಿದ ಪಡಿತರ ಚೀಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಸೇರಿ ಮೂರನೆಯದು. ಮೊದಲು ಆಧಾರ್ ಸರಿಪಡಿಸಿ, ಆಮೇಲೆ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಕೊನೆಗೆ ಪೋಷಕತ್ವ. ಕ್ರಮ ತಪ್ಪಿದರೆ ಎಲ್ಲವನ್ನೂ ಎರಡೆರಡು ಸಲ ಮಾಡಿಸಬೇಕಾಗುತ್ತದೆ. ಮಂಗಳೂರಿನ ಖಾಸಗಿ ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಡಿ, ವೈದ್ಯಕೀಯ ಮಂಡಳಿಯ ಮುಂದೆ ಉಪಯೋಗಕ್ಕೆ ಬರುತ್ತವೆ. ಆದರೆ ಅವೇ ಪ್ರಮಾಣಪತ್ರವಾಗುವುದಿಲ್ಲ.

ಒಂದು ಮಾತು ಒತ್ತಿ ಹೇಳುತ್ತೇನೆ. ಪೋಷಕರು ಬೇಕೇ, ಬೇಕಾದರೆ ಯಾವ ಯಾವ ಕೆಲಸಕ್ಕೆ ಎಂದು ಸಮಿತಿ ಪರಿಶೀಲಿಸಲೇಬೇಕು. "ಎಲ್ಲದಕ್ಕೂ" ಎಂದು ಬರೆಯಬೇಡಿ. ಬ್ಯಾಂಕು, ಆಸ್ತಿ, ದೊಡ್ಡ ಚಿಕಿತ್ಸೆ ಎಂದು ಬಿಡಿಸಿ ಬರೆಯಿರಿ. ಏನು ಉಡಬೇಕು, ಯಾರ ಜೊತೆ ಪೇಟೆಗೆ ಹೋಗಬೇಕು, ಕೈಖರ್ಚಿನ ನೂರು ರೂಪಾಯಿ ಹೇಗೆ ಕಳೆಯಬೇಕು ಎಂಬುದನ್ನು ಅವನಿಗೇ ಬಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ ಹೇಳುವ ಸೀಮಿತ ಪೋಷಕತ್ವದಲ್ಲಿ ಕೂಡ ಇಬ್ಬರೂ ಸೇರಿಯೇ ತೀರ್ಮಾನ ಮಾಡಬೇಕು. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಯೊಂದೇ ಇದ್ದರೆ ನ್ಯಾಷನಲ್ ಟ್ರಸ್ಟ್ ದಾರಿ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿ ಚಿಕಿತ್ಸೆಯ ವಿಷಯಕ್ಕೆ ಮಾತ್ರ, ಆಸ್ತಿಗೆ ಅಲ್ಲ.

ಇನ್ನು ಯಾರನ್ನು ಪೋಷಕರಾಗಿ ತೋರಿಸುವುದು? ನಿಯಮದ ಪ್ರಕಾರ ಭಾರತದ ಪ್ರಜೆಯೇ ಆಗಿರಬೇಕು. ಅಮೆರಿಕದಲ್ಲೋ ಕೆನಡಾದಲ್ಲೋ ಪೌರತ್ವ ತೆಗೆದುಕೊಂಡ ಅಣ್ಣ ಎಷ್ಟೇ ಪ್ರೀತಿಯವನಾದರೂ, ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡು ಇದ್ದರೂ ಆಗುವುದಿಲ್ಲ. ಈಗ ಅಪ್ಪ ಅಮ್ಮ ಜಂಟಿಯಾಗಿ ಅರ್ಜಿ ಹಾಕಿ, ಆದರೆ ನಿಮ್ಮ ನಂತರ ಯಾರು ಎಂಬುದನ್ನು ಊರಲ್ಲೇ ಇರುವ ಸೋದರಮಾವನ ಬಳಿಯೋ ಚಿಕ್ಕಮ್ಮನ ಬಳಿಯೋ ಈಗಲೇ ಬಾಯಿಬಿಟ್ಟು ಕೇಳಿ. ಅವರಿಗೆ ಕಷ್ಟವಾದರೆ ಅದು ಈಗಲೇ ಗೊತ್ತಾಗಲಿ.

ನೇಮಕವಾಗಿ ಆರು ತಿಂಗಳೊಳಗೆ ಮಗನ ಆಸ್ತಿ, ಸಾಲದ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ಮಾರ್ಚ್ 31 ಕಳೆದು ಮೂರು ತಿಂಗಳೊಳಗೆ ಲೆಕ್ಕ. ಗಲ್ಫಿನಲ್ಲಿರುವವರು ಮರೆಯುವುದು ಇದನ್ನೇ. ಅವನ ಹಣಕ್ಕೆ ಬೇರೆಯೇ ಖಾತೆ ಇರಲಿ.

ದೋಹಾದಿಂದ ಸೇರಿಸಿದ್ದು:

ಮೇಲೆ ಬರೆದ ಅಣ್ಣ ಹೇಳಿದ್ದು ಸರಿ. ದುಡ್ಡಿನ ಬಗ್ಗೆ ಸ್ವಲ್ಪ.

ಸಮಿತಿ ಕೊಟ್ಟ ಪೋಷಕತ್ವದ ಪತ್ರವನ್ನು ಒಪ್ಪಿ ಖಾತೆ ನಡೆಸಲು ಬಿಡಬಹುದೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಶಾಖೆಯವರು "ಕೋರ್ಟಿನದೇ ತನ್ನಿ" ಎಂದರೆ ಆ ಸುತ್ತೋಲೆ ತೋರಿಸಿ, ನಿರಾಕರಣೆಯನ್ನು ಲಿಖಿತವಾಗಿ ಕೇಳಿ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಲು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತಲ್ಲ, ಅಂಥ ಪರಿಹಾರ ಮಗ ಅಥವಾ ಮಗಳ ಖಾತೆಯಲ್ಲಿದ್ದರೆ ಈ ಪತ್ರ ಇನ್ನೂ ಅಗತ್ಯ.

ಪಂಚಾಯತ್ ಮೂಲಕ ಸಿಗುವ ಅಂಗವಿಕಲರ ಪಿಂಚಣಿಗೆ 40 ಶೇಕಡಾ ವೈಕಲ್ಯ ಬೇಕು, ಕುಟುಂಬದ ವಾರ್ಷಿಕ ವರಮಾನ 1 ಲಕ್ಷ ದಾಟಬಾರದು. ಗಲ್ಫ್ ಸಂಬಳ ಮುಚ್ಚಿಟ್ಟು ವರಮಾನ ಪತ್ರ ಮಾಡಿಸಿಕೊಳ್ಳಬೇಡಿ, ಪಡೆದದ್ದನ್ನೆಲ್ಲ ಹಿಂದೆ ಕಟ್ಟಿಸಿಕೊಳ್ಳುತ್ತಾರೆ. ಅದರ ಬದಲು ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷದವರೆಗೆ, ಮೊದಲೇ ಇದ್ದ ತೊಂದರೆ ಎಂದು ತಳ್ಳಿಹಾಕುವುದಿಲ್ಲ. ವರ್ಷ ವರ್ಷ ನವೀಕರಿಸಲು ಮರೆತರೆ ಕ್ಲೇಮ್ ಇಲ್ಲ. ಅಂಗವೈಕಲ್ಯ ಇರುವ ಅವಲಂಬಿತರ ಹೆಸರಲ್ಲಿ ಸಿಗುವ 75,000ದ, ತೀವ್ರವಾದರೆ 1,25,000ದ ಆದಾಯ ತೆರಿಗೆ ಕಡಿತ ಭಾರತದ ನಿವಾಸಿಗಳಿಗೆ ಮಾತ್ರ. ಎನ್‌ಆರ್‌ಐ ಆಗಿರುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತೋಟವನ್ನು ನೇರ ಮಗನ ಹೆಸರಿಗೆ ಬರೆಯುವುದಕ್ಕಿಂತ, ಅವನ ಹಿತಕ್ಕಾಗಿ ಟ್ರಸ್ಟ್ ಮಾಡುವುದು ಒಳ್ಳೆಯದು. ಜಾಗ ಸೇರಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಡಿಕೊಳ್ಳುವವರು ಒಬ್ಬರು, ಹಣ ಹಿಡಿಯುವವರು ಇನ್ನೊಬ್ಬರು ಇರಲಿ. ಇಬ್ಬರೂ ಒಬ್ಬರೇ ಆದಾಗ ಕೇಳುವವರು ಇರುವುದಿಲ್ಲ. ನಿಮ್ಮ ಸ್ವಂತ ಆಸ್ತಿಗೆ ನೀವು ಕೊಡುವ ಪವರ್ ಆಫ್ ಅಟಾರ್ನಿಯನ್ನು ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಅದು ನಿಮ್ಮ ಜೀವಿತಾವಧಿಗೆ ಮಾತ್ರ, ಆಮೇಲಿನದ್ದಕ್ಕೆ ವೀಲುನಾಮೆ ಬೇರೆ ಬೇಕು.

ಮತ್ತೆ, ಅರ್ಜಿ ಕನ್ನಡದಲ್ಲೇ ಬರೆದುಕೊಡಬಹುದು ಅಕ್ಕಾ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ನಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕಿದೆ. ಸಭೆಯ ದಿನ ಮಗನ ಜೊತೆ ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡುವವರು ಇರಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಅರ್ಥವಾಗದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಅವನು ಸುಮ್ಮನಿದ್ದರೆ, ಅವನಿಗೆ ಅಭಿಪ್ರಾಯವೇ ಇಲ್ಲ ಎಂದು ಬರೆದುಕೊಳ್ಳುವ ಅಪಾಯವಿದೆ.