ಸೆಪ್ಟೆಂಬರ್ ಸಂಜೆ ಮನೆಯೊಳಗೆ ಓಡುವ ದೊಡ್ಡ ಜೇಡ

ಪ್ರಶ್ನೆ (ರೆಡಿಂಗ್, ಇಂಗ್ಲೆಂಡ್): ಮೇಡಂ, ನಾವು ಇಲ್ಲಿಗೆ ಬಂದು ಇದು ಎರಡನೆಯ ಶರತ್ಕಾಲ. ಸೆಪ್ಟೆಂಬರ್ ಬಂದದ್ದೇ ತಡ, ಸಂಜೆ ಅಂಗೈಯಗಲದ ಕಂದು ಜೇಡಗಳು ಕಾರ್ಪೆಟ್ ಮೇಲೆ ಓಡುತ್ತವೆ. ಮೂರು ವಾರದಲ್ಲಿ ಐದು ಕಂಡೆವು. ನಿನ್ನೆ ಬೆಳಿಗ್ಗೆ ಒಂದು ಬಾತ್‌ಟಬ್ಬಿನಲ್ಲಿ ಕುಳಿತಿತ್ತು. ಆರು ವರ್ಷದ ಮಗಳು ಸ್ನಾನವೇ ಬೇಡವೆಂದು ಹಟ ಹಿಡಿದಿದ್ದಾಳೆ. ಊರಿನಿಂದ ಬಂದಿರುವ ಅತ್ತೆಯವರು, ಜೇಡ ಮೈಮೇಲೆ ಹರಿದರೆ ಗುಳ್ಳೆ ಏಳುತ್ತದೆ, ಪೊರಕೆಯಲ್ಲಿ ಹೊಡೆದುಬಿಡಿ ಎನ್ನುತ್ತಾರೆ. ಇವು ಚಳಿಗೆ ಒಳಗೆ ಬರುತ್ತಿವೆಯೇ? ಕಚ್ಚುತ್ತವೆಯೇ?

ಉತ್ತರ: ಪೊರಕೆ ಎತ್ತಬೇಡಿ, ಮೊದಲಿಗೆ ಇದನ್ನೇ ಕೇಳಿಕೊಳ್ಳುತ್ತೇನೆ. ನೀವು ಕಂಡದ್ದು ಎರಾಟಿಜೆನಾ ಕುಲದ ದೊಡ್ಡ ಮನೆಜೇಡ. ಕಾಲು ಚಾಚಿದರೆ 7 ಸೆಂ.ಮೀ.ವರೆಗೂ ಇರುತ್ತದೆ. ಬಹುಪಾಲು ಇವು ಚಳಿಗೆ ಹೊರಗಿನಿಂದ ಬಂದವಲ್ಲ, ವರ್ಷವಿಡೀ ನಿಮ್ಮ ಜೊತೆಗೇ ಇದ್ದವು. ನೆಲದ ಹಲಗೆಯ ಕೆಳಗೆ, ಗ್ಯಾರೇಜಿನ ಮೂಲೆಯಲ್ಲಿ ಹಾಳೆಯಂಥ ಬಲೆ ಹಾಸಿ, ಅದರ ತುದಿಯ ಕೊಳವೆಯೊಳಗೆ ಅಡಗಿ ಕುಳಿತಿರುತ್ತವೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಪ್ರಾಯಕ್ಕೆ ಬಂದ ಗಂಡುಗಳು ಬಲೆ ಬಿಟ್ಟು ಹೆಣ್ಣನ್ನು ಹುಡುಕುತ್ತಾ ಅಲೆಯುತ್ತವೆ. ನಿಮ್ಮ ಕಾಲಬುಡದಲ್ಲಿ ಓಡಿದ್ದು ಹೆಚ್ಚುಕಡಿಮೆ ಖಂಡಿತವಾಗಿ ಅಂಥ ಗಂಡೇ. ಅದಕ್ಕೆ ನಿಮ್ಮ ಗೊಡವೆಯೇ ಇಲ್ಲ. ಹೆಣ್ಣು ಸಿಕ್ಕರೆ ಕೆಲವು ವಾರ ಅವಳ ಬಲೆಯಲ್ಲೇ ಉಳಿದು, ಅಲ್ಲೇ ಸಾಯುತ್ತದೆ.

ಕಚ್ಚುವುದು ಬಲು ಅಪರೂಪ. ಕೈಯಲ್ಲಿ ಅದುಮಿ ಹಿಡಿದಾಗ ಕಚ್ಚಿದರೂ ಅದರ ವಿಷದಿಂದ ಮನುಷ್ಯರಿಗೆ ಅಪಾಯವಿಲ್ಲ.

ಟಬ್ಬಿನ ವಿಷಯ. ಅದು ಚರಂಡಿಯಿಂದ ಹತ್ತಿ ಬಂದದ್ದಲ್ಲ. ಕೊಳವೆಯ ಬಾಗಿನಲ್ಲಿ ಸದಾ ನೀರು ನಿಂತಿರುತ್ತದೆ. ರಾತ್ರಿ ಅಲೆಯುವಾಗ ಜಾರಿ ಬಿದ್ದಿದೆ, ಮೇಲೆ ಬರಲಾಗಿಲ್ಲ. ನಮ್ಮೂರ ಮನೆಗಳಲ್ಲಿ ಗೋಡೆಗೆ ಅಂಟಿಕೊಂಡು ಜಿರಳೆ ಹಿಡಿಯುವ ಚಪ್ಪಟೆ ದೊಡ್ಡ ಜೇಡ ನೆನಪಿದೆಯಲ್ಲವೇ? ಅದರ ಪಾದಗಳಲ್ಲಿ ಅತಿ ಸೂಕ್ಷ್ಮ ಕೂದಲಿನ ಮೆತ್ತೆಗಳಿವೆ, ನುಣುಪಾದ ಟೈಲ್ಸ್ ಮೇಲೂ ಹಿಡಿತ ಸಿಗುತ್ತದೆ. ಇಲ್ಲಿನ ಮನೆಜೇಡಕ್ಕೆ ಆ ಅನುಕೂಲವಿಲ್ಲ. ರಾತ್ರಿ ಟಬ್ಬಿನ ಅಂಚಿನಿಂದ ಒಂದು ಟವೆಲ್ ಇಳಿಬಿಡಿ, ತಾನೇ ಹತ್ತಿಕೊಂಡು ಹೋಗುತ್ತದೆ.

ಇದೇ ಕಾರಣಕ್ಕೆ ಗಾಜಿನ ಲೋಟಕ್ಕಿಂತ ಒಳ್ಳೆಯ ಸಾಧನವಿಲ್ಲ. ಜೇಡ ಸೆಕೆಂಡಿಗೆ ಅರ್ಧ ಮೀಟರ್ ಓಡಬಲ್ಲದು, ಆದರೆ ಬೇಗ ದಣಿದು ನಿಲ್ಲುತ್ತದೆ. ನಿಂತಾಗ ಅಗಲ ಬಾಯಿಯ ಲೋಟವನ್ನು ಬೋರಲು ಹಾಕಿ. ಅಡಿಗೆ ಗಟ್ಟಿ ಕಾಗದವನ್ನು ನಿಧಾನವಾಗಿ ತೂರಿಸಿ, ಕಾಲುಗಳು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಹೊರಗೆ ಬಿಡುವ ಮೊದಲು ಮಗಳನ್ನು ಕರೆಯಿರಿ. ಸ್ಟೀಲ್ ಲೋಟ ಬೇಡವೆನ್ನುವುದು ಇದಕ್ಕೇ. ಮುಖದ ಮುಂದೆ ಎರಡು ಗಿಡ್ಡ ಕಾಲುಗಳಂಥವು ಕಾಣುತ್ತವೆ, ತುದಿ ಭೀಮನ ಗದೆಯಂತೆ ಊದಿಕೊಂಡಿರುತ್ತದೆ. ಅದೇ ಗಂಡಿನ ಗುರುತು. ಗದೆ ಇದೆಯೋ ಇಲ್ಲವೋ ಎಂದು ಹುಡುಕುವ ಕೆಲಸ ಕೊಟ್ಟರೆ ಮಗುವಿನ ಹೆದರಿಕೆ ಅರ್ಧ ಇಳಿಯುತ್ತದೆ, ನಾನು ಬಹಳ ಸಲ ನೋಡಿದ್ದೇನೆ.

ಅತ್ತೆಯವರಿಗೆ ಹೇಳಿ: ಗುಳ್ಳೆ ಏಳುವುದು ಸುಳ್ಳಲ್ಲ, ಜೇಡದ ಮೇಲಿನ ಆರೋಪ ಮಾತ್ರ ತಪ್ಪು. ನಮ್ಮ ಕಡೆ ಮಳೆಗಾಲದಲ್ಲಿ ದೀಪಕ್ಕೆ ಬರುವ ಪೆಡೆರಸ್ ಎಂಬ ಪುಟ್ಟ ಕೆಂಪು-ಕಪ್ಪು ಜೀರುಂಡೆ ಮೈಮೇಲೆ ಜಜ್ಜಿಹೋದರೆ ಅದರ ರಸಕ್ಕೆ ಚರ್ಮ ಸುಟ್ಟಂತಾಗುತ್ತದೆ. ಸರ್ಪಸುತ್ತಿನಂಥ ಗುಳ್ಳೆಗಳಾದರೆ ವೈರಸ್ಸಿನಿಂದ ಬರುತ್ತವೆ.

ಪ್ರಶ್ನೆ (ಲೀಡ್ಸ್): ಕಿಟಕಿಯಲ್ಲಿ ಕಾಂಕರ್ ಕಾಯಿ (ಹಾರ್ಸ್ ಚೆಸ್ಟ್‌ನಟ್ ಮರದ ಕಂದು ಬೀಜ) ಇಟ್ಟರೆ ಜೇಡ ಬರುವುದಿಲ್ಲವೆಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ಇಲ್ಲವಾದರೆ ಸ್ಪ್ರೇ ಹೊಡೆಯಬಹುದೇ?

ಉತ್ತರ: ಕಾಂಕರ್ ಅನ್ನು ನಂಬಿ ಕೂರಬೇಡಿ ಸರ್. ಕಾರ್ನ್‌ವಾಲ್‌ನ ಒಂದು ಪ್ರಾಥಮಿಕ ಶಾಲೆಯ ಮಕ್ಕಳೇ ಪ್ರಯೋಗ ಮಾಡಿ, ಜೇಡಗಳು ಅದಕ್ಕೆ ಹೆದರುವುದಿಲ್ಲವೆಂದು ತೋರಿಸಿದರು. 2010ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಅವರಿಗೆ ಬಹುಮಾನ ಕೊಟ್ಟಿತು. ಸ್ಪ್ರೇ ಖಂಡಿತ ಬೇಡ. ಕೆಲವು ವಾರದ ಓಡಾಟಕ್ಕಾಗಿ ಮಕ್ಕಳು ಆಡುವ ನೆಲಕ್ಕೆ ವಿಷ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬಾಗಿಲಡಿಯ ಸಂದಿಗೆ ಬ್ರಷ್ ಪಟ್ಟಿ ಹಾಕಿಸಿ, ಪೈಪ್ ಹಾದುಹೋಗುವ ತೂತು ಮುಚ್ಚಿಸಿ.

ಪ್ರಶ್ನೆ (ಲಂಡನ್): ಕಚ್ಚುತ್ತದೆಂದು ಪತ್ರಿಕೆಗಳಲ್ಲಿ ಬರುವ ಫಾಲ್ಸ್ ವಿಡೋ ಎಂಬ ಜೇಡ ಇದೇನಾ?

ಉತ್ತರ: ಅಲ್ಲ. ಅದು ಚಿಕ್ಕದು, ಹೊಟ್ಟೆ ಗುಂಡಗೆ ಹೊಳೆಯುತ್ತದೆ, ಸಿಕ್ಕುಸಿಕ್ಕಾದ ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತದೆ, ನೆಲದ ಮೇಲೆ ಹೀಗೆ ಓಡಾಡುವುದು ಕಡಿಮೆ. ಅದು ಕಚ್ಚಿದರೆ ಕಣಜದ ಕಡಿತದಂತೆ ಉರಿಯಬಹುದು. ಊತ ಏರುತ್ತಲೇ ಹೋದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ (ರೆಡಿಂಗ್): ಮೇಡಂ, ನಿನ್ನೆ ರಾತ್ರಿ ಆರನೆಯದು ಬಂತು. ನಾನು ಲೋಟ ಹಾಕಿದೆ, ಅತ್ತೆಯವರು ಕಾಗದ ತೂರಿಸಿದರು. ಮಗಳು ಎರಡೂ ಗದೆ ಎಣಿಸಿ, ತೋಟದ ಶೆಡ್ಡಿನಲ್ಲಿ ಬಿಟ್ಟುಬಂದಳು. ಅಲ್ಲಿ ಅದಕ್ಕೆ ಚಳಿಯಾಗುವುದಿಲ್ಲವೇ ಎಂದು ಕೇಳುತ್ತಿದ್ದಾಳೆ.

ಉತ್ತರ: ಆಗುವುದಿಲ್ಲ ಪುಟ್ಟಿ, ಶೆಡ್ಡು ಅದಕ್ಕೆ ಒಪ್ಪುವ ಜಾಗ. ಹಗಲಿನಲ್ಲಿ ಅಮ್ಮನ ಜೊತೆ ಟಾರ್ಚ್ ಹಿಡಿದು ಹೂಕುಂಡಗಳ ಹಿಂದೆ ನೋಡು. ಹಾಳೆಯಂಥ ಬಲೆ, ಮೂಲೆಯಲ್ಲಿ ಒಂದು ಕೊಳವೆ ಕಂಡರೆ ಅಲ್ಲೊಂದು ಹೆಣ್ಣು ಇರಬಹುದು. ಮುಟ್ಟಬೇಡ, ನೋಡಿ ಬಾ.