ಪದ ಬೇಕಾಗಿದೆ: ಸೈನಸ್ ಶಸ್ತ್ರಚಿಕಿತ್ಸೆಯ ನಂತರದ ‘ನೇಸಲ್ ಇರಿಗೇಶನ್’

ಸೈನಸ್ ಆಪರೇಶನ್ ಆದವರಿಗೆ ಕೊಡುವ ಕರಪತ್ರವನ್ನು ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಉಪ್ಪುನೀರಿಗೆ ಮನುಕಾ ಜೇನು (ನ್ಯೂಜಿಲೆಂಡಿನ ಮನುಕಾ ಗಿಡದ ಹೂವಿನದು) ಬೆರೆಸಿ ಮೂಗು ತೊಳೆದುಕೊಳ್ಳುವ ವಿಧಾನ. ‘ನಾಸಿಕ ನೀರಾವರಿ’ ಅಂತ ಹಾಕಿದ್ದೇನೆ. ‘ನಸ್ಯ’ ವಾಸಿಯೇ? ‘ಜಲನೇತಿ’? ಬ್ಯಾಕ್ಟೀರಿಯಾಗಳು ಒಟ್ಟುಗೂಡಿ ಕಟ್ಟಿಕೊಳ್ಳುವ ಅಂಟುಪದರ, ಅಂದರೆ ಬಯೋಫಿಲ್ಮಿಗೆ ‘ಜೈವಿಕ ಪೊರೆ’ ನಡೆಯುತ್ತದೆಯೇ?

*

ನೀರಾವರಿ ಹೊಲಕ್ಕೆ. ತೆಗೆದುಬಿಡಿ.

ನಸ್ಯವೂ ಅಲ್ಲ. ಅದು ಮದ್ದನ್ನು ಹನಿಹನಿಯಾಗಿ ಒಳಗಿಳಿಸುವುದು. ಇಲ್ಲಿ ನೀರು ಒಂದು ಹೊಳ್ಳೆಯಲ್ಲಿ ಹೊಕ್ಕು ಇನ್ನೊಂದರಿಂದ ಹೊರಬರಬೇಕು, ಹೆಕ್ಕಳೆ, ಗಟ್ಟಿಸಿಂಬಳ ಕೊಚ್ಚಿಹೋಗಬೇಕು. ನಸ್ಯ ಎಂದು ಓದಿದವರು ಎರಡು ಹನಿ ಬಿಟ್ಟುಕೊಂಡು ಮಲಗುತ್ತಾರೆ. ಜಲನೇತಿ ಹತ್ತಿರದ್ದು, ಆದರೆ ಹಠಯೋಗದ ಹಳೆಯ ಪಾಠದಲ್ಲಿ ನೇತಿ ಎಂದರೆ ಮೂಗಿನಲ್ಲಿ ದಾರ ತೂರಿಸುವುದು. ಗಾಯ ಮಾಯದ ಮೂಗಿಗೆ ಆ ಪದ ಬೇಡ. ಸೆಳೆತ, ಕೊರೆತ ಇರುವಾಗ ತೊಳೆತವೇಕಿಲ್ಲ? ‘ಮೂಗುತೊಳೆತ’ ಅನ್ನಿ.

ಬರಿಯ ‘ಜೇನು’ ಸಾಲದು. ತಮಿಳಿನ ತೇನ್, ತೆಲುಗಿನ ತೇನೆ, ನಮ್ಮ ಜೇನು ಒಂದೇ ಬೇರಿನವು, ಆದರೆ ನಮ್ಮಲ್ಲಿ ಜೇನು ಕಚ್ಚುತ್ತದೆ, ಗೂಡೂ ಕಟ್ಟುತ್ತದೆ. ‘ಜೇನುತುಪ್ಪ’ ಎಂದೇ ಬರೆಯಿರಿ.

‘ಜೈವಿಕ ಪೊರೆ’ ಅಪಾಯ. ಮೂಗಿನೊಳಗೆ ಲೋಳೆಪೊರೆ ಇದೆ. ‘ಜೇನುತುಪ್ಪ ಪೊರೆಯನ್ನು ಒಡೆಯುತ್ತದೆ’ ಎಂದರೆ ರೋಗಿ ಏನೆಂದುಕೊಳ್ಳಬೇಕು? ‘ಬ್ಯಾಕ್ಟೀರಿಯಾದ ಜಿಡ್ಡುಪದರ’ ಅನ್ನಿ.

*

ತುಪ್ಪ ಎಂದರೆ ಹಸುವಿನ ತುಪ್ಪ ಬಿಟ್ಟುಕೊಳ್ಳುವವರಿದ್ದಾರೆ. ‘ಜೇನ್ನೀರು’ ಸಾಕು. ಸೈನಸ್ಸನ್ನೂ ಬಿಡಿ, ‘ಮೂಗಿನ ಗಾಳಿಗೂಡು’ ಅನ್ನಿ. ಬೇರೆ ನುಡಿಯ ಪದ ಹೊತ್ತು ಕನ್ನಡ ಬಾಗಿದ್ದು ಸಾಕು.

*

ಒಪ್ಪುವುದಿಲ್ಲ. ರೋಗಿಯೇ ‘ನನಗೆ ಸೈನಸ್’ ಅನ್ನುತ್ತಾನೆ. ಗಾಳಿಗೂಡು ಎಂದರೆ ಎಲ್ಲಿ ನೋವು ಎಂದು ಕೇಳುತ್ತಾನೆ. ಎರವಲು ಒಮ್ಮುಖವೂ ಅಲ್ಲ, ನಮ್ಮ ‘ತುಪ್ಪ’ ಎಂಬ ಪದ ಪ್ರಾಕೃತದಲ್ಲೂ ಸಿಗುತ್ತದೆ.

ಇನ್ನು ‘ಜೇನ್ನೀರು’ ಓದಿದವರು ಅಡುಗೆಮನೆಯ ಸೀಸೆಗೆ ಕೈಹಾಕುತ್ತಾರೆ. ಅದರಲ್ಲಿ ನರಗಳನ್ನು ಸೋಲಿಸುವ ಬಾಟುಲಿಸಮ್ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು. ಅದಕ್ಕೇ ಚಿಕಿತ್ಸೆಯ ಜೇನುತುಪ್ಪವನ್ನು ಗಾಮಾ ಕಿರಣಕ್ಕೊಡ್ಡುತ್ತಾರೆ. ‘ಚಿಕಿತ್ಸೆಗೆಂದು ಶುದ್ಧೀಕರಿಸಿದ ಜೇನುತುಪ್ಪ’ ಎಂದು ಉದ್ದಕ್ಕೇ ಬರಲಿ. ನೀರಿಗೂ ‘ಶುದ್ಧ’ ಸಾಲದು, ‘ಕುದಿಸಿ ಆರಿಸಿದ’ ಅನ್ನಿ.

ಕ್ರಿಯಾಪದದ ಮೇಲೂ ಕಣ್ಣಿರಲಿ. ಮನುಕಾದಲ್ಲಿರುವ, ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ ಮೀಥೈಲ್‌ಗ್ಲೈಆಕ್ಸಾಲ್ ಪ್ರಯೋಗಾಲಯದಲ್ಲಿ ಆ ಜಿಡ್ಡುಪದರವನ್ನು ಕರಗಿಸುತ್ತದೆ, ನಿಜ. ಆದರೆ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಬರಿಯ ಉಪ್ಪುನೀರಿಗಿಂತ ಅದು ಖಚಿತವಾಗಿ ಮೇಲೆಂದು ಕಂಡಿಲ್ಲ. ‘ಗುಣಪಡಿಸುತ್ತದೆ’ ಎಂದು ಬರೆದಿದ್ದರೆ ಅಚ್ಚಿಗೆ ಹೋಗುವ ಮುಂಚೆ ಹೊಡೆದುಹಾಕಿ.

*

ಬರೆದಿದ್ದೆ. ಹೊಡೆದುಹಾಕಿದೆ.