ಟ್ರೇಲರಿನ ಎಡಗಾಲಿ ಹಬ್ ಕಾಯಾಕತ್ತೈತಿ, ಸಹಾಯ ಬೇಕು

ಹಾವೇರಿ ಕಡೆ ಗೋವಿನಜೋಳ, ಮೆಣಸಿನಕಾಯಿ ಸಾಗಸೂ ಎರಡು ಗಾಲಿ ಟ್ರೇಲರ್ ಐತ್ರಿ. ಬ್ರೇಕ್ ಇಲ್ಲ, ಹಂಗಾಗಿ ಬ್ರೇಕ್ ಶೂ ಹಿಡಿದು ಕಾಯೂ ಮಾತಿಲ್ಲ. ಖಾಲಿ ಇದ್ದಾಗ ಸರಿ. ಲೋಡ್ ಹಾಕಿ ಬ್ಯಾಡಗಿ ಮುಟ್ಟೂದ್ರಾಗ ಎಡ ಹಬ್ (ಗಾಲಿ ನಡುವಿನ, ಬೇರಿಂಗ್ ಕೂಡೂ ಭಾಗ) ಕೈ ಇಡಾಕ ಆಗದಷ್ಟು ಕಾಯ್ತೈತಿ, ಬಲದ್ದು ತಣ್ಣಗ. ಟೇಪರ್ ಬೇರಿಂಗ್ ಎರಡೂ ಕಪ್ (ಹಬ್ಬಿನಾಗ ಕೂಡೂ ಬೇರಿಂಗಿನ ಹೊರ ಬಳಿ) ಸಮೇತ ಹೊಸಾವು, ಸೀಲೂ ಹೊಸಾದು. ಲಿಥಿಯಂ ಗ್ರೀಸ್ ರೋಲರ್ ಸಂದಿಗೆ ಹೋಗೂವಂಗ ಕೈಲೆ ತುಂಬೈತಿ. ಗಾಲಿ ತಿರುವುತ್ತ ನಟ್ ಬಿಗಿ ಮಾಡಿ, ತುಸು ಸಡಿಲಿಸಿ ಸ್ಪ್ಲಿಟ್ ಪಿನ್ ಹಾಕೈತಿ. ಚೀಲ ಎರಡೂ ಬದಿ ಸಮ, ತೂಕ ಅಚ್ಚಿಗಿಂತ ತುಸು ಮುಂದ. ಹಿಂದಾದ್ರ ಹುಕ್ ಮ್ಯಾಲೆ ಎತ್ತಿ ಟ್ರೇಲರ್ ತೂರಾಡತೈತಿ, ಅದು ಭಾಳ ಅಪಾಯ. ಗಾಳಿನೂ ಸಮ.

ಖಾಲಿ ಇದ್ದಾಗ ಎರಡು ಟೈರಿನ ನಡುವಿನ ಅಳತಿ ಮುಂದ-ಹಿಂದ ಒಂದ ಬರತೈತಿ, ಅಂದ್ರ ಆಗ ಗಾಲಿ ಸೊಟ್ಟ ಇಲ್ಲ. ಹಂಗಾದ್ರ ಲೋಡಿನಾಗ ಅಚ್ಚು ಬಾಗತೈತೇನು, ಇಲ್ಲಾ ಹಬ್ಬಿನಾಗ ಕಪ್ ಕೂಡೂ ಜಾಗ ಸವದು ಕಪ್ ತಿರಗಾಕತ್ತೈತೇನು? ಅಚ್ಚು ಬಿಚ್ಚದ ಯಾವುದಂತ ಹೆಂಗ ಖಾತ್ರಿ ಮಾಡೂದು, ತಿಳಿದವರು ಹೇಳ್ರಿ.